ಊರಿನ ಮನೆಗೆ ಹೊಸ ರೂಮು, ಸೋರುವ ಮೋಲ್ಡು: ಹೊರದೇಶಕ್ಕೆ ಹೊಸದಾಗಿ ಬಂದವರಿಗೆ

ಹೊರದೇಶಕ್ಕೆ ಬಂದು ಒಂದೆರಡು ವರ್ಷ ಆಗುತ್ತಿದ್ದ ಹಾಗೆ ನಮ್ಮ ಮೈಸೂರು, ಮಂಡ್ಯ ಕಡೆಯವರಿಗೆ ಒಂದು ಆಸೆ ಶುರುವಾಗುತ್ತದೆ. ಊರಿನ ಮನೆಗೆ ಇನ್ನೊಂದು ರೂಮು ಸೇರಿಸಬೇಕು. ರಜಕ್ಕೆ ಹೋದಾಗ ನಮಗೆ ಬೇರೆ ಬಾತ್‌ರೂಮು ಇರಲಿ, ಅಪ್ಪ ಅಮ್ಮನಿಗೂ ಅನುಕೂಲ ಅಂತ. ನಾನು ಬ್ರಿಟನ್ನಿಗೆ ಬಂದು ಬಹಳ ಕಾಲವಾಯಿತು. ಹೊಸಬರು ಫೋನ್ ಮಾಡಿದರೆ ಹತ್ತರಲ್ಲಿ ಅರ್ಧ ಜನರ ಗೋಳು ಇದೇ: "ಸಾರ್, ಮೋಲ್ಡ್ ಹಾಕಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ಸೋರ್ತಿದೆ. ಮೇಸ್ತ್ರಿ ಫೋನ್ ಎತ್ತುತ್ತಿಲ್ಲ." ಮೋಲ್ಡ್ ಅಂದರೆ ರೂಮಿನ ಮೇಲಿನ ಕಾಂಕ್ರೀಟ್ ತಾರಸಿ.

ಮೊದಲು ತಲೆ ತಣ್ಣಗೆ ಇಟ್ಟುಕೊಳ್ಳಿ. ವಾಟ್ಸಾಪಿನಲ್ಲಿ ಬಂದ ಫೋಟೋ ನೋಡಿ ಜಗಳಕ್ಕೆ ಇಳಿಯಬೇಡಿ. ಎಲ್ಲಾ ಬಿರುಕೂ ಒಂದೇ ಅಲ್ಲ. ಪ್ಲಾಸ್ಟರಿಂಗ್ ಮೇಲೆ ಕೂದಲೆಳೆಯಷ್ಟು ಸಣ್ಣಗೆ, ಬಲೆಬಲೆಯಾಗಿ ಕಾಣುವುದು ಗಾರೆ ಒಣಗುವಾಗ ಬಂದದ್ದು. ನೀರು ಸರಿಯಾಗಿ ಹೊಡೆಯದಿದ್ದರೆ ಜಾಸ್ತಿ ಬರುತ್ತದೆ. ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ. ಬೀಮಿಗೂ ಇಟ್ಟಿಗೆ ಗೋಡೆಗೂ ಸೇರುವ ಕಡೆ ಗೆರೆ ಎಳೆದ ಹಾಗೆ ನೇರವಾಗಿ ಸೀಳಿದ್ದರೆ, ಸಾಮಾನ್ಯವಾಗಿ ಅಲ್ಲಿ ಚಿಕನ್ ಮೆಶ್ (ತೆಳು ತಂತಿಯ ಬಲೆ) ಹೊಡೆಯದೆ ಪ್ಲಾಸ್ಟರ್ ಮಾಡಿದ್ದಾರೆ ಅಂತ ಅರ್ಥ. ಅದು ಕಳಪೆ ಕೆಲಸ, ಆದರೆ ರಿಪೇರಿ ಸುಲಭ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಗೋಡೆಯ ಎರಡೂ ಮಗ್ಗುಲಲ್ಲಿ ಕಾಣುವ ಬಿರುಕಿಗೆ ಹೆದರಬೇಕು. ಅದರ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಪಕ್ಕದಲ್ಲೇ ತಾರೀಖು ಬರೆಯಲು ಅಪ್ಪನಿಗೆ ಹೇಳಿ. ತಿಂಗಳು ಬಿಟ್ಟು ನೋಡಿದಾಗ ಬಿರುಕು ಗುರುತು ದಾಟಿ ಹೋಗಿದ್ದರೆ ಮೇಸ್ತ್ರಿ ಜೊತೆ ಮಾತು ನಿಲ್ಲಿಸಿ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.

ಸೋರಿಕೆಯ ಕತೆ ಬೇರೆ. ಹಳೇ ಮನೆಯ ಪಕ್ಕಕ್ಕೆ ರೂಮು ಸೇರಿಸಿದ ಕಡೆ ನೀರು ಬರುವುದು ಬಹುತೇಕ ಹಳೆಯದೂ ಹೊಸದೂ ಕೂಡುವ ಜಾಗದಲ್ಲಿ. ಮೈಸೂರಿನ ಸರಸ್ವತಿಪುರಂ, ಜಯಲಕ್ಷ್ಮೀಪುರಂ ಕಡೆಯ ಹಳೇ ಮನೆಗಳ ಪಾಯ ಎಷ್ಟೋ ವರ್ಷದ ಹಿಂದೆಯೇ ಕೂತುಬಿಟ್ಟಿದೆ. ಹೊಸ ಪಾಯ ಈಗ ಕೂರಲು ಶುರು ಮಾಡುತ್ತದೆ. ಎರಡನ್ನೂ ಸುಮ್ನೆ ಗಾರೆ ಮೆತ್ತಿ ಒಂದು ಮಾಡಿದರೆ ನಡುವೆ ಬಾಯಿ ಬಿಡಲೇಬೇಕು, ಅಲ್ವಾ? ಅಲ್ಲಿ ಸಂದು ಬಿಟ್ಟು, ಎಳೆದರೆ ಹಿಗ್ಗುವ ಸೀಲೆಂಟ್ ತುಂಬಿ, ಮೇಲೆ ನೀರು ಇಳಿಯದ ಹಾಗೆ ಮುಚ್ಚಬೇಕು. ನಮ್ಮ ಮೇಸ್ತ್ರಿಗಳು ಮಾಡುವುದು ಒಂದೇ, ಸಿಮೆಂಟ್ ಹಾಲು ಸುರಿದು, ಮೇಲೊಂದು ಕೋಟು ವಾಟರ್‌ಪ್ರೂಫ್ ಬಳಿದು "ಇನ್ನೇನೂ ಆಗಲ್ಲ ಬಿಡಿ ಸಾರ್" ಅನ್ನುವುದು. ಸಿಮೆಂಟ್ ಹಿಗ್ಗುವುದಿಲ್ಲ. ಮುಂದಿನ ಮಳೆಗೆ ಅದೇ ಜಾಗದಲ್ಲಿ ಮತ್ತೆ ಒಡೆಯುತ್ತದೆ. ಇದೇ ರಿಪೇರಿಗೆ ಎರಡನೇ ಸಲ ದುಡ್ಡು ಕೊಡಬೇಡಿ.

ಕೆಲಸ ಇನ್ನೂ ನಡೆಯುತ್ತಿದ್ದರೆ ನಿಮ್ಮ ಪುಣ್ಯ. ಪ್ಲಾಸ್ಟರ್ ಆಗುವ ಮುಂಚೆ ಪ್ರತಿ ಪಿಲ್ಲರು, ಬೀಮು, ಮೋಲ್ಡಿನ ತಳ ಎಲ್ಲಾ ಫೋಟೋ ತೆಗೆಸಿ. ಕಾಂಕ್ರೀಟ್ ಜೇನುಗೂಡಿನ ಹಾಗೆ ತೂತು ತೂತಾಗಿ, ಒಳಗಿನ ಕಬ್ಬಿಣ ಇಣುಕುತ್ತಿದ್ದರೆ ಅದನ್ನು ಮುಚ್ಚಲು ಬಿಡಬೇಡಿ. ಎಂಜಿನಿಯರ್ ನೋಡಿದ ಮೇಲೆಯೇ ಮುಂದಿನ ಕೆಲಸ. ಕಾಂಕ್ರೀಟಿಗೆ ನೀರು ಕಟ್ಟುವುದನ್ನು ಹಗುರವಾಗಿ ತೆಗೆದುಕೊಳ್ಳುವುದು ನಮ್ಮ ಕಡೆ ಮಾಮೂಲು. ಕಾಂಕ್ರೀಟ್ ಕೆಲಸಕ್ಕೆ ಇರುವ ಭಾರತದ ಮಾನದಂಡ ಐಎಸ್ 456 ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಬೆರಕೆ ಸಿಮೆಂಟಿಗೆ ಕನಿಷ್ಠ 10 ದಿನ ಕಾಂಕ್ರೀಟ್ ಒಣಗಬಾರದು. ಬಾತ್‌ರೂಮಿಗೆ ಟೈಲ್ಸ್ ಹಾಕುವ ಮುಂಚೆ ನೀರು ಹೋಗುವ ಬಾಯಿ ಮುಚ್ಚಿ, ಒಂದು ದಿನ ಪೂರ್ತಿ ನೀರು ನಿಲ್ಲಿಸಿ. ಮಾರನೇ ದಿನ ಕೆಳಗಿನ ಸೀಲಿಂಗಿನ ವೀಡಿಯೋ ಕಳಿಸಲು ಹೇಳಿ.

ಈಗ ದುಡ್ಡಿನ ಮಾತು. ದೂರದಲ್ಲಿ ಕೂತ ನಿಮಗೆ ಸೈಟಿನ ಮೇಲೆ ಇರುವ ಹಿಡಿತ ಇದೊಂದೇ. ಶನಿವಾರದ ಬಟವಾಡೆಗೆ ಅಂತ ಅಪ್ಪ ಬೀರುವಿನಿಂದ ನೋಟು ಎಣಿಸಿ ಕೊಟ್ಟರೆ ಆಮೇಲೆ ಲೆಕ್ಕವೂ ಇಲ್ಲ, ಸಾಕ್ಷಿಯೂ ಇಲ್ಲ. ಕೊಟ್ಟೋನು ಕೋಡಂಗಿ, ಈಸ್ಕೊಂಡೋನು ಈರಭದ್ರ. ಬ್ಯಾಂಕಿನ ಮೂಲಕವೇ ಕೊಡಿ. ಪಾಯಕ್ಕೆ ಇಷ್ಟು, ಮೋಲ್ಡಿಗೆ ಇಷ್ಟು, ಪ್ಲಾಸ್ಟರಿಂಗಿಗೆ ಇಷ್ಟು ಅಂತ ಮೊದಲೇ ಬರೆಸಿ, ನೂರಕ್ಕೆ ಹತ್ತರಷ್ಟಾದರೂ ಹಿಡಿದಿಟ್ಟುಕೊಳ್ಳಿ. ಎಷ್ಟು ದಿನ ಅಂದರೆ, ಮೇ ತಿಂಗಳ ಗಾಳಿಮಳೆಯೂ ದಸರಾ ಹೊತ್ತಿನ ಮಳೆಯೂ ಆ ಮೋಲ್ಡಿನ ಮೇಲೆ ಒಂದೊಂದು ಸಲ ಬೀಳುವವರೆಗೆ. ಮೈಸೂರಿನಲ್ಲಿ ಜೋರು ಮಳೆ ಬರುವುದೇ ಆ ಎರಡು ಕಾಲದಲ್ಲಿ.

ಇಲ್ಲಿ ಅಡ್ಡ ಬರುವುದು ದಾಕ್ಷಿಣ್ಯ. ಮೇಸ್ತ್ರಿ ಅಪ್ಪನ ಗೆಳೆಯರ ಕಡೆಯವನಾಗಿರುತ್ತಾನೆ, ಇಲ್ಲ ಅಮ್ಮನ ತವರಿನ ಊರಿನವನು. "ಪಾಪ, ಮಗಳ ಮದುವೆ ಅಂತೆ ಕಣಪ್ಪ, ಕೊಟ್ಟುಬಿಡು" ಅಂತ ಅಮ್ಮ ಅಂದರೆ ನೀವು ಏನು ಹೇಳುತ್ತೀರಿ? ಅದಕ್ಕೇ ಹಣ ಬಿಡುಗಡೆ ಮಾಡುವ ಜವಾಬ್ದಾರಿ ಅವರ ತಲೆ ಮೇಲೆ ಹಾಕಬೇಡಿ. "ನನ್ನ ಮಗನ್ನ ಕೇಳಪ್ಪ" ಅಂತ ಅವರು ಜಾರಿಕೊಳ್ಳಲಿ, ಕೆಟ್ಟವರು ನೀವೇ ಆಗಿ. ದೂರ ಇರುವುದಕ್ಕೆ ಅಷ್ಟಾದರೂ ಉಪಯೋಗ ಬೇಡವೇ?

ಬಾಯಿಮಾತಿನಲ್ಲಿ ಮುಗಿಯದಿದ್ದರೆ ಬರವಣಿಗೆಗೆ ಇಳಿಯಿರಿ. ಯಾವ ಗೋಡೆ, ಎಲ್ಲಿ ಸೋರಿಕೆ, ಎಷ್ಟು ದಿನದೊಳಗೆ ಸರಿ ಮಾಡಬೇಕು ಎಂದು ಸರಳ ಕನ್ನಡದಲ್ಲಿ ಬರೆದು, ಫೋಟೋ ಸೇರಿಸಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಬೈಗುಳ ಬೇಡ. ಅದೇ ಕಾಗದ ಮುಂದೆ ದಾಖಲೆಯಾಗುತ್ತದೆ. ಜೊತೆಗೆ ಮೇಸ್ತ್ರಿಗೆ ಸಂಬಂಧವಿಲ್ಲದ ಎಂಜಿನಿಯರಿಂದ ಸಹಿ ಹಾಕಿದ ವರದಿ ಬರೆಸಿ.

"ರೇರಾಗೆ ಹಾಕ್ತೀನಿ" ಎಂದು ಹೆದರಿಸುವವರು ಬಹಳ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಇರುವುದು ಫ್ಲಾಟು, ಸೈಟು ಮಾರುವವರಿಗೆ. ನಿಮ್ಮ ಸ್ವಂತ ಮನೆಗೆ ರೂಮು ಕಟ್ಟಿದ ಮೇಸ್ತ್ರಿಗೆ ಅದು ತಟ್ಟುವುದಿಲ್ಲ. ನಿಮ್ಮ ದಾರಿ ಜಿಲ್ಲಾ ಗ್ರಾಹಕರ ಆಯೋಗ. ಮೈಸೂರಿನಲ್ಲೂ ಇದೆ, ಮಂಡ್ಯದಲ್ಲೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟುವ ಕೆಲಸವೂ ಒಂದು ಸೇವೆ. ನೀವು ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಶುಲ್ಕವೇ ಇಲ್ಲ. 50 ಲಕ್ಷದವರೆಗೆ ಜಿಲ್ಲಾ ಮಟ್ಟದಲ್ಲೇ ವಿಚಾರಣೆ. ದೂರನ್ನು 2 ವರ್ಷದೊಳಗೆ ಕೊಡಬೇಕು, ಇದನ್ನು ಮಾತ್ರ ಮರೆಯಬೇಡಿ. ವಕೀಲರು ಕಡ್ಡಾಯವಲ್ಲ. ಪರೀಕ್ಷೆ ಬೇಕಾದ ದೂರನ್ನು 5 ತಿಂಗಳಲ್ಲಿ ಮುಗಿಸಲು ನೋಡಬೇಕು ಎಂದು ಕಾಯ್ದೆ ಹೇಳುತ್ತದೆ. ನೀವು ಅದಕ್ಕಿಂತ ಜಾಸ್ತಿಯೇ ಎಣಿಸಿಕೊಳ್ಳಿ. ಮೊದಲು ಸಲಹೆ ಬೇಕಿದ್ದರೆ ಊರಿನಿಂದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿಸಿ. ಮನೆ ಅಪ್ಪನ ಹೆಸರಿನಲ್ಲಿದ್ದರೆ ಮೇಸ್ತ್ರಿ ಜೊತೆ ಕರಾರೂ ಅವರ ಹೆಸರಿನಲ್ಲೇ ಇರಲಿ. ಆಗ ಇಲ್ಲಿಂದ ಪವರ್ ಆಫ್ ಅಟಾರ್ನಿ ಮಾಡಿ ಕಳಿಸುವ ತಾಪತ್ರಯ ಇರುವುದಿಲ್ಲ. ಸಾಮಾನು ನೀವೇ ಕೊಡಿಸಿ ಬರೀ ಲೇಬರ್ ಕಾಂಟ್ರಾಕ್ಟ್ ಕೊಟ್ಟಿದ್ದರೆ ಸಿಮೆಂಟು, ಎಂ-ಸ್ಯಾಂಡಿನ ದೋಷವನ್ನು ಮೇಸ್ತ್ರಿಯ ಮೇಲೆ ಹಾಕುವುದು ಕಷ್ಟ. ಕೈಕೆಲಸದ ದೋಷಕ್ಕೆ ಅವನೇ ಹೊಣೆ.

ಆದರೂ ನನ್ನ ಕೇಳಿದರೆ, ಒಂದೆರಡು ಲಕ್ಷದ ರಿಪೇರಿಗೆ ಹಿಡಿದಿಟ್ಟ ಹಣದಲ್ಲಿ ಬೇರೆಯವರಿಂದ ಮಾಡಿಸಿ ಕೈತೊಳೆದುಕೊಳ್ಳುವುದೇ ವಾಸಿ. ಅಪ್ಪನನ್ನು ಆಯೋಗಕ್ಕೆ ಅಲೆದಾಡಿಸುವುದು ಕಂಬ, ತೊಲೆಯ ವಿಷಯವಾದರೆ ಮಾತ್ರ. ರಿಪೇರಿಗೆ ಕೈ ಹಾಕುವ ಮುಂಚೆ ಫೋಟೋ, ವರದಿ, ಬೇರೆ ಇಬ್ಬರಿಂದ ಬರೆಸಿದ ಎಸ್ಟಿಮೇಟು ಎಲ್ಲಾ ಸೇರಿರಲಿ. ಒಮ್ಮೆ ಒಡೆದ ಮೇಲೆ ಹಳೇ ತಪ್ಪು ತೋರಿಸಲು ಏನೂ ಉಳಿದಿರುವುದಿಲ್ಲ.

ಹೊಸದಾಗಿ ಬಂದ ಮೇಸ್ತ್ರಿ ಮೋಲ್ಡ್ ಹತ್ತಿದ ಕೂಡಲೇ "ಯಾರ್ ಸಾರ್ ಮಾಡಿದ್ದು ಇದನ್ನ?" ಎಂದು ತಲೆ ಚಚ್ಚಿಕೊಳ್ಳುತ್ತಾನೆ. ಎಲ್ಲರೂ ಹಾಗೇ ಅನ್ನುತ್ತಾರೆ, ಅದಕ್ಕೆ ಮರುಳಾಗಬೇಡಿ. ರೇಟು ಕೇಳುವ ಮುಂಚೆ, ನೀರು ಎಲ್ಲಿಂದ ಬರುತ್ತಿದೆ ತೋರಿಸಪ್ಪಾ ಎನ್ನಿ. ಪೈಪು ಹಿಡಿದು ಗೋಡೆಯ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಜಾಗಕ್ಕೆ ನೀರು ಬಿಡಲಿ, ಒಳಗೆ ಒಬ್ಬರು ನಿಂತು ನೋಡುತ್ತಿರಲಿ. ಇದಕ್ಕೆ ಅರ್ಧ ದಿನ ಹಿಡಿಯುತ್ತದೆ, ಆ ಕೂಲಿ ಕೊಟ್ಟುಬಿಡಿ.