ಏಳದ ಸೀಟು, ನಿಲ್ಲದ ಸೀಟು: ಡ್ರಾಪರ್ ಪೋಸ್ಟ್ ಬಿಚ್ಚುವ ಮೊದಲು

ಕಾಸರಗೋಡಿನ ಪೊಸಡಿಗುಂಪೆ ಗುಡ್ಡದ ಕಡೆಯಿಂದ ಇಳಿಯುವ ಮುರಕಲ್ಲಿನ ದಾರಿಯಲ್ಲಿ ಸೈಕಲ್ಲಿನ ಸೀಟು ಎತ್ತರದಲ್ಲೇ ಸಿಕ್ಕಿಕೊಂಡರೆ ಸವಾರನಿಗೆ ಹಿಂದೆ ಸರಿಯಲು ಜಾಗವಿರುವುದಿಲ್ಲ. ಮೈಭಾರವೆಲ್ಲ ಮುಂದಿನ ಚಕ್ರಕ್ಕೆ ಬೀಳುತ್ತದೆ. ತಗ್ಗಿದ ಸೀಟು ಮತ್ತೆ ಏಳದಿದ್ದರೆ ಏರುದಾರಿ ಮುಗಿಯುವಷ್ಟರಲ್ಲಿ ಮೊಣಕಾಲು ಹಿಡಿದುಕೊಳ್ಳುತ್ತದೆ. ಮೌಂಟನ್ ಬೈಕ್‌ಗಳಲ್ಲಿ ಈಗ ಸಾಮಾನ್ಯವಾಗಿರುವ ಡ್ರಾಪರ್ ಪೋಸ್ಟ್, ಅಂದರೆ ಸವಾರಿಯ ನಡುವೆಯೇ ಲಿವರ್ ಒತ್ತಿ ಸೀಟನ್ನು ಏರಿಸಿ ಇಳಿಸಬಹುದಾದ ಸೀಟಿನ ಕಂಬ, ಇರುವುದು ಈ ಎರಡು ಕಷ್ಟಗಳನ್ನು ತಪ್ಪಿಸುವುದಕ್ಕೇ. ಅದೇ ಕೈಕೊಟ್ಟರೆ ಏನು ಮಾಡಬೇಕು ಎಂಬುದು ಈ ಲೇಖನದ ವಿಷಯ.

ನಮ್ಮ ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಸೈಕಲ್ ಅಂಗಡಿಗಳಲ್ಲಿ ಬ್ರೇಕು, ಚೈನು, ಪಂಕ್ಚರ್ ಕೆಲಸಕ್ಕೆ ಕೊರತೆಯಿಲ್ಲ. ಡ್ರಾಪರ್ ಪೋಸ್ಟ್ ಕೆಟ್ಟಾಗ ಮಾತ್ರ ಹೆಚ್ಚಿನವರು ಮಂಗಳೂರಿನತ್ತ, ಬೆಂಗಳೂರಿನತ್ತ ನೋಡುತ್ತಾರೆ. ಪೋಸ್ಟನ್ನು ಕಳಚಿ ಕೊರಿಯರ್‌ಗೆ ಕಟ್ಟುವ ಮೊದಲು ಒಂದು ಗಂಟೆ ಕೊಡಿ. ಎಷ್ಟೋ ಸಲ ತೊಂದರೆ ಪೋಸ್ಟಿನ ಒಳಗೆ ಇರುವುದೇ ಇಲ್ಲ. ಅದನ್ನು ಹಿಡಿದಿರುವ ಕ್ಲ್ಯಾಂಪ್‌ನಲ್ಲಿ, ಎಳೆಯುವ ಕೇಬಲ್‌ನಲ್ಲಿ ಅಥವಾ ಪೋಸ್ಟಿನ ಹೊರಕೊಳವೆಯ ಮೇಲ್ತುದಿಯ ಉಂಗುರದಂಥ ಕಾಲರಿನ ಸಂದಿಯಲ್ಲಿ ಕೂತ ಕೆಂಪು ಮಣ್ಣಿನಲ್ಲಿ ಇರುತ್ತದೆ. ಹೊರಗಿನಿಂದ ಒಳಕ್ಕೆ ಹೋಗಬೇಕು, ಒಳಗಿನಿಂದ ಆರಂಭಿಸಬಾರದು.

ಒಳಗೆ ಏನಿದೆ?

ಒಂದರೊಳಗೊಂದು ಜಾರುವ ಎರಡು ಕೊಳವೆಗಳು. ಅವುಗಳ ನಡುವೆ ಅನಿಲ ಮತ್ತು ಎಣ್ಣೆ ತುಂಬಿದ ಕಾರ್ಟ್ರಿಜ್. ಕಚೇರಿಯ ತಿರುಗುವ ಕುರ್ಚಿಯನ್ನು ಏರಿಸಿ ಇಳಿಸುವ ಕೊಳವೆಯ ಹತ್ತಿರದ ಸಂಬಂಧಿ ಇದು. ಹ್ಯಾಂಡಲ್ ಮೇಲಿನ ಲಿವರ್ ಒತ್ತಿದಾಗ ಕೇಬಲ್ ಎಳೆಯಲ್ಪಟ್ಟು ಪೋಸ್ಟಿನ ಕೆಳತುದಿಯ ಕವಾಟ ತೆರೆಯುತ್ತದೆ. ಆಗ ಕುಳಿತರೆ ಸೀಟು ತಗ್ಗುತ್ತದೆ, ಎದ್ದರೆ ಅನಿಲದ ಒತ್ತಡ ಅದನ್ನು ಮೇಲಕ್ಕೆ ತಳ್ಳುತ್ತದೆ. ಲಿವರ್ ಬಿಟ್ಟ ಕೂಡಲೇ ಕವಾಟ ಮುಚ್ಚಿ, ಎಣ್ಣೆ ಅಲುಗಾಡದೆ ಸೀಟು ಇದ್ದಲ್ಲೇ ನಿಲ್ಲುತ್ತದೆ.

ಈ ಆಸೆ ಹೊಸದೇನೂ ಅಲ್ಲ. ಅಮೆರಿಕದಲ್ಲಿ ಜೋ ಬ್ರೀಜ್ ಮತ್ತು ಜಾಶ್ ಏಂಜೆಲ್ 1984ರಲ್ಲಿ ತಂದ ಹೈಟ್-ರೈಟ್ ಎಂಬ ಸ್ಪ್ರಿಂಗ್, ಕ್ಲ್ಯಾಂಪ್ ಸಡಿಲಿಸಿದಾಗ ಸೀಟನ್ನು ತಾನೇ ಎತ್ತಿಕೊಡುತ್ತಿತ್ತು. 2010ರಲ್ಲಿ ರಾಕ್‌ಶಾಕ್ಸ್ ಕಂಪನಿಯ ರಿವರ್ಬ್ ಬಂದ ಮೇಲೆ, ಲಿವರಿನಿಂದ ಕೇಬಲ್ ಬದಲು ಎಣ್ಣೆ ಕೊಳವೆ ಬರುವ ಹೈಡ್ರಾಲಿಕ್ ಪೋಸ್ಟ್‌ಗಳು ಹೆಸರು ಮಾಡಿದವು. ನಮ್ಮ ಕಡೆ ಕಾಣುವ ಹೆಚ್ಚಿನವು ಕೇಬಲ್‌ನಿಂದ ನಡೆಯುವಂಥವು. ಹಾಗಾಗಿ ಇಲ್ಲಿ ಅವುಗಳದ್ದೇ ಮಾತು ಹೆಚ್ಚು.

ಮೊದಲು ಕ್ಲ್ಯಾಂಪ್

ಸೀಟು ನಿಧಾನವಾಗಿ ಏಳುತ್ತಿದೆ ಅಥವಾ ನಡುವೆ ಸಿಕ್ಕಿಕೊಳ್ಳುತ್ತಿದೆ ಎಂದಾದರೆ ಫ್ರೇಮಿನ ಬಾಯಿಯಲ್ಲಿ ಪೋಸ್ಟನ್ನು ಬಿಗಿಹಿಡಿದಿರುವ ಕ್ಲ್ಯಾಂಪ್ ಬೋಲ್ಟನ್ನು ಅಲನ್ ಕೀಯಿಂದ ಕಾಲು ಸುತ್ತು ಸಡಿಲಿಸಿ ನೋಡಿ. ಸಾದಾ ಸೀಟ್ ಪೋಸ್ಟನ್ನು ಬಿಗಿದು ಅಭ್ಯಾಸವಾದ ಕೈ ಇಲ್ಲಿಯೂ ಅಷ್ಟೇ ಬಲ ಹಾಕುತ್ತದೆ. ಆದರೆ ಡ್ರಾಪರ್‌ನ ಹೊರಕೊಳವೆಯ ಗೋಡೆ ತೆಳು. ಹೆಚ್ಚು ಬಿಗಿದರೆ ಅದು ಕೂದಲೆಳೆಯಷ್ಟು ಒಳಕ್ಕೆ ಒತ್ತಿಕೊಂಡು ಒಳಗಿನ ಕೊಳವೆಯನ್ನು ಹಿಡಿಯುತ್ತದೆ. ಸಾಮಾನ್ಯವಾಗಿ 4ರಿಂದ 6 ನ್ಯೂಟನ್ ಮೀಟರ್ ಸಾಕು. ನಿಮ್ಮ ಕ್ಲ್ಯಾಂಪ್ ಮೇಲೆ ಅಥವಾ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಟಾರ್ಕ್ ಸ್ಪಾನರ್ ಇಲ್ಲದವರು ಅಲನ್ ಕೀಯ ಗಿಡ್ಡ ಕಾಲನ್ನು ಹಿಡಿದು ಬೆರಳ ಬಲದಿಂದ ಬಿಗಿಯಲಿ. ಸವಾರಿಯಲ್ಲಿ ಪೋಸ್ಟ್ ಕೆಳಕ್ಕೆ ಜಾರದಿದ್ದರೆ ಅಷ್ಟು ಸಾಕೆಂದು ಅರ್ಥ.

ಸಡಿಲಿಸಿದ ಕೂಡಲೇ ಸೀಟು ಸರಾಗವಾಗಿ ಎದ್ದರೆ ನಿಮ್ಮ ರಿಪೇರಿ ಅಲ್ಲಿಗೇ ಮುಗಿಯಿತು.

ಕೇಬಲ್ ಕಳಚಿ ಪರೀಕ್ಷೆ

ಇಡೀ ಕೆಲಸದಲ್ಲಿ ಒಂದೇ ಒಂದು ಹಂತವನ್ನು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಅಪರಾಧಿ ಪೋಸ್ಟೋ ಕೇಬಲ್ಲೋ ಎಂಬುದನ್ನು ಇದು ಖಚಿತವಾಗಿ ಹೇಳುತ್ತದೆ.

ಪೋಸ್ಟನ್ನು ಹೊರತೆಗೆಯುವ ಮೊದಲು, ಫ್ರೇಮಿನ ಬಾಯಿಯ ಮಟ್ಟದಲ್ಲಿ ಪೋಸ್ಟಿಗೆ ಇನ್ಸುಲೇಶನ್ ಟೇಪು ಸುತ್ತಿ ಗುರುತು ಮಾಡಿ. ಇಲ್ಲವಾದರೆ ನಿಮ್ಮ ಕಾಲಿಗೆ ಒಗ್ಗಿದ ಎತ್ತರವನ್ನು ಮತ್ತೆ ಹುಡುಕಬೇಕಾಗುತ್ತದೆ. ಕ್ಲ್ಯಾಂಪ್ ಸಡಿಲಿಸಿ, ಒಂದು ಕೈಯಿಂದ ಪೋಸ್ಟನ್ನು ಎತ್ತುತ್ತಾ ಇನ್ನೊಂದು ಕೈಯಿಂದ ಹ್ಯಾಂಡಲ್ ಕಡೆಯ ಕೇಬಲ್ ಔಟರನ್ನು (ಕೇಬಲ್ಲಿನ ಹೊರಕವಚವನ್ನು) ಫ್ರೇಮಿನ ಒಳಕ್ಕೆ ತಳ್ಳುತ್ತಾ ಬನ್ನಿ. ಬರೀ ಎಳೆದರೆ ಔಟರ್ ಮುರಿದಂತೆ ಬಾಗುತ್ತದೆ. ಪೋಸ್ಟಿನ ಕೆಳತುದಿ ಹೊರಬಂದಾಗ ಕೇಬಲ್ ಸೇರುವ ಸಣ್ಣ ಸನ್ನೆಗೋಲಿನಂಥ ತುಂಡು ಕಾಣುತ್ತದೆ. ಕೆಲವು ಮಾದರಿಗಳಲ್ಲಿ ಕೇಬಲ್ಲಿನ ಗುಂಡುತಲೆ ಅಲ್ಲಿ ಕೂತಿರುತ್ತದೆ, ಇನ್ನು ಕೆಲವುಗಳಲ್ಲಿ ಸಣ್ಣ ಸ್ಕ್ರೂ ಕೇಬಲ್ಲನ್ನು ಹಿಡಿದಿರುತ್ತದೆ. ಯಾವುದೆಂದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡು ಕೇಬಲ್ ಬಿಡಿಸಿ.

ಈಗ ಸೀಟನ್ನು ನೆಲದ ಮೇಲೆ ಕವುಚಿ ಇಟ್ಟು, ಆ ತುಂಡನ್ನು ಹೆಬ್ಬೆರಳಿನಿಂದ ಅಥವಾ ಅಲನ್ ಕೀಯಿಂದ ಒತ್ತಿಹಿಡಿದು ಪೋಸ್ಟನ್ನು ಅಮುಕಿ. ಬಿಟ್ಟು ನೋಡಿ, ಮತ್ತೆ ಒತ್ತಿ ಏಳಲು ಬಿಡಿ. ಮುಖವನ್ನು ಪೋಸ್ಟಿನ ನೇರಕ್ಕೆ ತರಬೇಡಿ. ಅದು ಚಿಮ್ಮುವ ರಭಸ ಸಣ್ಣದಲ್ಲ.

ಕೈಯಲ್ಲಿ ಚೆನ್ನಾಗಿ ಇಳಿದು, ಎದ್ದು, ನಿಂತರೆ ಪೋಸ್ಟ್ ಆರೋಗ್ಯವಾಗಿದೆ. ಕೇಬಲ್ಲಿನ ಕಡೆ ತಿರುಗಿ. ಕೈಯಲ್ಲಿಯೂ ಹಟ ಮಾಡಿದರೆ ತೊಂದರೆ ಪೋಸ್ಟಿನದೇ.

ಕೇಬಲ್: ಹೆಚ್ಚಿನ ಕಾಯಿಲೆಗಳ ಮನೆ

ಲಿವರ್ ಒತ್ತಿದರೂ ಏನೂ ಆಗದಿದ್ದರೆ ಕೇಬಲ್ ಸಡಿಲವಾಗಿದೆ ಅಥವಾ ತುದಿಯ ಸ್ಕ್ರೂ ಜಾರಿದೆ. ಲಿವರ್ ಬಿಟ್ಟ ಮೇಲೂ ಸೀಟು ತಾನಾಗಿ ಏಳುತ್ತಿದ್ದರೆ ಅಥವಾ ಕುಳಿತಾಗ ನಿಧಾನವಾಗಿ ಇಳಿಯುತ್ತಾ ಹೋದರೆ ಕೇಬಲ್ ಹೆಚ್ಚು ಬಿಗಿಯಾಗಿ, ಕವಾಟ ಪೂರ್ತಿ ಮುಚ್ಚುತ್ತಿಲ್ಲ. ಈ ಎರಡನೆಯದನ್ನು ಕಾರ್ಟ್ರಿಜ್ ಹೋಯಿತೆಂದು ತಪ್ಪಾಗಿ ತಿಳಿದು ಹಣ ಸುರಿಯುವವರಿದ್ದಾರೆ. ಲಿವರ್ ಹತ್ತಿರ ಬೆರಳಿನಿಂದ ತಿರುಗಿಸುವ ಉರುಟು ಅಡ್ಜಸ್ಟರ್ ಇರುತ್ತದೆ. ಅದನ್ನು ಹೊರಕ್ಕೆ ತಿರುಗಿಸಿದರೆ ಕೇಬಲ್ ಬಿಗಿಯಾಗುತ್ತದೆ, ಒಳಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ. ಲಿವರ್ ಒತ್ತಿದಾಗ ಮೊದಲ ಒಂದೆರಡು ಮಿಲಿಮೀಟರ್ ಖಾಲಿ ಚಲಿಸಿ, ಆಮೇಲೆ ಕವಾಟಕ್ಕೆ ಎಳೆತ ಸಿಗುವಂತಿರಬೇಕು. ಆ ಖಾಲಿ ಚಲನೆ ಇರಲೇಬೇಕು.

ಹ್ಯಾಂಡಲ್ಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಿ. ಒಂದು ಬದಿಗೆ ತಿರುಗಿದಾಗ ಮಾತ್ರ ಸೀಟು ಅಲುಗಿದರೆ ಔಟರ್ ಗಿಡ್ಡವಾಗಿದೆ. ಫ್ರೇಮಿನೊಳಗೆ ಔಟರ್ ಉದ್ದ ಹೆಚ್ಚಾಗಿ ಸುರುಳಿಯಾದರೂ ಲಿವರ್ ಭಾರವಾಗುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಲಿವರ್ ಗಟ್ಟಿಯಾಗಿದ್ದರೆ ಒಳಕೇಬಲ್ಲನ್ನು ಎಳೆದು ತೆಗೆದು ಬೆರಳಿನಿಂದ ಸವರಿ. ಕುಂಬಳೆ, ಮೊಗ್ರಾಲ್, ಉಪ್ಪಳದ ಕಡಲಗಾಳಿಯಲ್ಲಿ ಹೊರಗೆ ನಿಲ್ಲುವ ಸೈಕಲ್ಲಿನ ಕೇಬಲ್ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹಿಡಿದು ಒರಟಾಗಬಹುದು. ಅದಕ್ಕೆ ಎಣ್ಣೆ ಬಿಟ್ಟು ಜೀವ ತುಂಬುವ ಪ್ರಯತ್ನ ಬೇಡ, ಬದಲಾಯಿಸಿ. ಸ್ಟೀಲ್ ಗೇರ್ ಕೇಬಲ್, ಅಂದರೆ 1.1 ಅಥವಾ 1.2 ಮಿಲಿಮೀಟರ್ ದಪ್ಪದ್ದು ಬೇಕು. ಬ್ರೇಕ್ ಕೇಬಲ್ ಇದಕ್ಕಿಂತ ದಪ್ಪ, ಅದರ ತಲೆಯೂ ಬೇರೆ ಆಕಾರದ್ದು. ಅಂಗಡಿಯವರು ‘ಇದೇ ಸಾಕು’ ಎಂದು ಕೊಟ್ಟರೂ ತರಬೇಡಿ. ಗೇರ್ ಸೈಕಲ್ ರಿಪೇರಿ ಮಾಡುವಲ್ಲೆಲ್ಲ ಸರಿಯಾದ ಕೇಬಲ್ ಸಿಗುತ್ತದೆ, ಬೆಲೆಯೂ ದೊಡ್ಡದಲ್ಲ. ಔಟರ್ ಕತ್ತರಿಸಿದರೆ ತುದಿ ಚಪ್ಪಟೆಯಾಗದಂತೆ ನೇರವಾಗಿ ಕತ್ತರಿಸಿ, ಬಾಯಿಯನ್ನು ಮೊಳೆಯಿಂದ ಬಿಡಿಸಿ, ತುದಿಗೆ ಟೋಪಿ ಹಾಕಿ.

ಪೋಸ್ಟನ್ನು ಮತ್ತೆ ಇಳಿಸುವಾಗ ತೆಗೆದ ಕ್ರಮದ ತಿರುವು: ಪೋಸ್ಟ್ ಕೆಳಕ್ಕೆ, ಔಟರ್ ಹ್ಯಾಂಡಲ್ ಕಡೆಗೆ, ಎರಡೂ ಒಟ್ಟಿಗೆ. ಪೋಸ್ಟಿನ ಮೇಲೆ ಕೆತ್ತಿರುವ ಕನಿಷ್ಠ ಆಳದ ಗೆರೆ ಫ್ರೇಮಿನ ಒಳಗೇ ಇರಲಿ.

ಕಾಲರ್ ಬಿಚ್ಚಿ ಶುಚಿ ಮಾಡುವುದು

ಪೋಸ್ಟ್ ಕೈಯಲ್ಲಿಯೂ ಬಿಗಿಯಾಗಿ ಚಲಿಸುತ್ತಿದ್ದರೆ ಮೊದಲ ಅನುಮಾನ ಕೊಳೆಯ ಮೇಲೆ. ಬೇಸಗೆಯಲ್ಲಿ ನಮ್ಮ ಗುಡ್ಡೆಗಳ ಮುರ ಮಣ್ಣು ಹಿಟ್ಟಿನಷ್ಟು ನುಣ್ಣಗೆ ಏಳುತ್ತದೆ. ಮಳೆಗಾಲದಲ್ಲಿ ಹಿಂದಿನ ಚಕ್ರ ಎರಚುವ ಕೆಸರು ನೇರ ಕಾಲರಿನ ಮೇಲೆ ಬೀಳುತ್ತದೆ.

ಸೀಟನ್ನು ಪೂರ್ತಿ ಮೇಲೆತ್ತಿ. ಹೊರಕೊಳವೆಯ ಮೇಲ್ತುದಿಯ ಉಂಗುರದಂಥ ಕಾಲರನ್ನು ಕೈಯಿಂದ ತಿರುಗಿಸಿ ಬಿಚ್ಚಿ. ಬರದಿದ್ದರೆ ಹಳೆಯ ಟ್ಯೂಬಿನ ತುಂಡು ಸುತ್ತಿ ಹಿಡಿಯಿರಿ, ಇಕ್ಕಳ ಹಾಕಿ ಗಾಯ ಮಾಡಬೇಡಿ. ಕಾಲರನ್ನು ಮೇಲಕ್ಕೆ ಸರಿಸಿದರೆ ಒಳಗೆ ಬುಶ್ಶು, ಸೀಲು ಕಾಣುತ್ತವೆ. ಒಳಕೊಳವೆ ಗಿರಗಿರ ತಿರುಗದಂತೆ ತಡೆಯುವ ಸಣ್ಣ ಹಿತ್ತಾಳೆಯ ಕೀಲುಗಳು ಇನ್ನೂ ಕೆಳಗಿರುತ್ತವೆ. ಕೊಳವೆಯನ್ನು ಪೂರ್ತಿ ಹೊರತೆಗೆದರೆ ಮಾತ್ರ ಸಿಗುತ್ತವೆ. ಅವು ಕೆಳಗೆ ಬಿದ್ದರೆ ಅಂಗಳದಲ್ಲಿ ಹುಡುಕುವುದು ಕಷ್ಟ. ಒಂದು ಅಡಿಕೆ ಹಾಳೆಯ ತಟ್ಟೆ ಪಕ್ಕದಲ್ಲಿಟ್ಟು, ತೆಗೆದ ಕ್ರಮದಲ್ಲೇ ಜೋಡಿಸಿ. ಯಾವ ಕೀಲು ಯಾವ ತೋಡಿನದ್ದು ಎಂಬುದು ಅದಲುಬದಲಾಗಬಾರದು.

ಹಳೆಯ ಮೆತ್ತಗಿನ ಬೈರಾಸಿನಿಂದ ಹಳೆ ಗ್ರೀಸನ್ನು ಒರೆಸಿ ತೆಗೆಯಿರಿ. ಅಂಟು ಬಿಡದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸಿ. ಪೆಟ್ರೋಲು, ಸೀಮೆಎಣ್ಣೆ ಬೇಡ. ಅವು ರಬ್ಬರ್ ಸೀಲನ್ನು ಉಬ್ಬಿಸುತ್ತವೆ. ಡಬ್ಲ್ಯುಡಿ-40 ಸಿಂಪಡಿಸಿದರೆ ಅರ್ಧ ದಿನ ನುಣುಪಾಗುತ್ತದೆ, ಆಮೇಲೆ ಒಳಗಿನ ಗ್ರೀಸು ತೊಳೆದುಹೋಗಿ ಮೊದಲಿಗಿಂತ ಬಿಗಿಯಾಗುತ್ತದೆ. ಮನೆಯಲ್ಲಿ ಸದಾ ಸಿಗುವ ತೆಂಗಿನೆಣ್ಣೆಯೂ ಇದಕ್ಕೆ ತಕ್ಕದ್ದಲ್ಲ. ಧೂಳನ್ನು ಹಿಡಿಯುತ್ತದೆ, ಧನುರ್ಮಾಸದ ಬೆಳಿಗ್ಗೆ ಗಟ್ಟಿಯಾಗಿಯೂ ಬಿಡುತ್ತದೆ. ಸಸ್ಪೆನ್ಶನ್ ಸೀಲುಗಳಿಗೆಂದೇ ಮಾರುವ ತೆಳುವಾದ ಗ್ರೀಸು ಬೇಕು. ಕೀಲುಗಳ ತೋಡಿಗೆ, ಬುಶ್ಶಿಗೆ, ಸೀಲಿನ ಒಳ ಅಂಚಿಗೆ ಸ್ವಲ್ಪವೇ ಹಚ್ಚಿ. ಕಾಲರನ್ನು ಕೈಬಲದಲ್ಲಿ ಮುಚ್ಚಿ, ಹಲವು ಸಲ ಏರಿಸಿ ಇಳಿಸಿ, ಹೊರಬಂದ ಗ್ರೀಸನ್ನು ಒರೆಸಿ.

ಗಾಳಿ ಮತ್ತು ಕಾರ್ಟ್ರಿಜ್

ಶುಚಿಯಾದ ಮೇಲೂ ಸೀಟು ಆಲಸಿಯಂತೆ ಏಳುತ್ತಿದ್ದರೆ ಗಾಳಿಯ ಒತ್ತಡ ನೋಡಬೇಕು. ಕೆಲವು ಪೋಸ್ಟ್‌ಗಳಲ್ಲಿ ಸೀಟಿನ ಕೆಳಗೋ ಪೋಸ್ಟಿನ ಬುಡದಲ್ಲೋ ಕಾರಿನ ಟಯರಿನಂಥ ವಾಲ್ವ್ ಇರುತ್ತದೆ. ಇವುಗಳಿಗೆ ಬೇಕಾಗುವ ಒತ್ತಡ ಸಾಮಾನ್ಯವಾಗಿ 200ರಿಂದ 300 ಪಿಎಸ್‌ಐ. ಟಯರ್ ಪಂಪಾಗಲಿ ಪೆಟ್ರೋಲ್ ಬಂಕಿನ ಗಾಳಿಯಾಗಲಿ ಇದಕ್ಕೆ ಆಗದು. ಸಸ್ಪೆನ್ಶನ್‌ಗೆ ಬಳಸುವ ಶಾಕ್ ಪಂಪ್ ಬೇಕು. ಸೀಟನ್ನು ಪೂರ್ತಿ ಮೇಲಿಟ್ಟು ತುಂಬಿ. ಕೈಪಿಡಿಯ ಮಿತಿ ದಾಟಬೇಡಿ. ವಾಲ್ವ್ ಇಲ್ಲದ ಪೋಸ್ಟ್‌ಗಳಲ್ಲಿ ಮುಚ್ಚಿದ ಕಾರ್ಟ್ರಿಜ್ ಇರುತ್ತದೆ. ಅದನ್ನು ಕೊರೆಯುವುದು, ಬಿಚ್ಚುವುದು ಅಪಾಯ. ಒಳಗಿನ ಒತ್ತಡದ ಅನಿಲ ತುಂಡುಗಳನ್ನು ಮುಖಕ್ಕೇ ಎಸೆಯಬಲ್ಲದು. ಈ ಒಂದು ಮಾತನ್ನು ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿ.

ಕೇಬಲ್ ಕಳಚಿದ್ದರೂ ಕುಳಿತಾಗ ಸೀಟು ಸ್ಪಂಜಿನ ಹಾಗೆ ತಗ್ಗಿ, ಎದ್ದಾಗ ಮತ್ತೆ ಮೇಲೆ ಬಂದರೆ ಎಣ್ಣೆಯೊಳಗೆ ಗಾಳಿ ಸೇರಿದೆ. ಕವಾಟ ತೆರೆದಿಟ್ಟುಕೊಂಡು ಹಲವು ಸಲ ಪೂರ್ತಿ ಇಳಿಸಿ ಏರಿಸಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಹೋಗದಿದ್ದರೆ ಕಾರ್ಟ್ರಿಜ್ ಬದಲಾಯಿಸುವ ಕಾಲ ಬಂತು. ಅನೇಕ ತಯಾರಕರು ಅದನ್ನು ಬಿಡಿಯಾಗಿ ಮಾರುತ್ತಾರೆ, ಇಡೀ ಪೋಸ್ಟ್ ಕೊಳ್ಳಬೇಕಿಲ್ಲ. ಸೀಟು ತಗ್ಗಿದ ಸ್ಥಿತಿಯಲ್ಲಿ ಸೈಕಲ್ಲನ್ನು ಸೀಟು ಹಿಡಿದೇ ಎತ್ತಿ ಜೀಪಿಗೆ ಹಾಕುವ ಅಭ್ಯಾಸ ಇದ್ದರೆ ಬಿಡಿ. ಕೆಳಕ್ಕೆ ಇಳಿದಿರುವ ಕಾರ್ಟ್ರಿಜ್ಜನ್ನು ಹಾಗೆ ಜಗ್ಗಿದಾಗ ಎಷ್ಟೋ ಮಾದರಿಗಳಲ್ಲಿ ಸೀಲು ದಾಟಿ ಗಾಳಿ ಒಳಸೇರುತ್ತದೆ.

ಸೀಟಿನ ಮೂತಿ ಅತ್ತಿತ್ತ ತುಸು ಅಲುಗುವುದು ದೋಷವಲ್ಲ. ಎದ್ದುಕಾಣುವಷ್ಟು ಅಲುಗಿದರೆ ಹಿತ್ತಾಳೆಯ ಕೀಲುಗಳು ಸವೆದಿವೆ; ಹಲವು ಕಂಪನಿಗಳು ಸ್ವಲ್ಪ ಹೆಚ್ಚು ದಪ್ಪದ ಬದಲಿ ಕೀಲುಗಳನ್ನು ಕೊಡುತ್ತವೆ. ವೈರ್‌ಲೆಸ್ ಪೋಸ್ಟಾದರೆ ಮೊದಲು ಬ್ಯಾಟರಿ, ಬಳಿಕ ಲಿವರಿನ ಒಳಗಿನ ಬಟನ್ ಸೆಲ್ ನೋಡಿ. ಎಣ್ಣೆ ಕೊಳವೆಯ ಹೈಡ್ರಾಲಿಕ್ ಲಿವರ್ ಇದ್ದರೆ ಬ್ರೇಕಿನಂತೆಯೇ ಗಾಳಿ ತೆಗೆಯಬೇಕು. ಅದಕ್ಕೆ ಆಯಾ ಕಂಪನಿಯ ಕಿಟ್ ಮತ್ತು ಎಣ್ಣೆಯೇ ಬೇಕು. ಮನೆಯಲ್ಲಿ ಪ್ರಯೋಗ ಮಾಡುವುದಕ್ಕಿಂತ ಬಲ್ಲವರ ಕೈಗೆ ಕೊಡುವುದು ಒಳ್ಳೆಯದು.

ಜಡಿಮಳೆಯ ತಿಂಗಳುಗಳಲ್ಲಿ

ಚಳಿಯಲ್ಲಿ ಪೋಸ್ಟ್ ನಿಧಾನವಾಗುತ್ತದೆ ಎಂದು ವಿದೇಶದ ಕೈಪಿಡಿಗಳು ಎಚ್ಚರಿಸುತ್ತವೆ. ನಮ್ಮ ಚಿಂತೆ ನೀರಿನದ್ದು. ಜೂನ್‌ನಿಂದ ಸೆಪ್ಟೆಂಬರ್ ತನಕ ಫ್ರೇಮಿನ ಸೀಟು ಕೊಳವೆಗೆ ಇಳಿದ ನೀರು ಕೇಬಲ್ ತುದಿಯಲ್ಲೇ ನಿಂತಿರುತ್ತದೆ. ಆಟಿ ತಿಂಗಳ ಮಳೆಯಲ್ಲಿ ಓಡಾಡುವವರು ಆಗಾಗ ಪೋಸ್ಟ್ ತೆಗೆದು ಸೈಕಲ್ಲನ್ನು ತಲೆಕೆಳಗೆ ಮಾಡಿ ನೀರು ಬಸಿಯಬೇಕು. ಅಲ್ಯುಮಿನಿಯಂ ಫ್ರೇಮಾದರೆ ಪೋಸ್ಟಿನ ಹೊರಮೈಗೆ ತೆಳುವಾಗಿ ಗ್ರೀಸು ಹಚ್ಚಿ; ಇಲ್ಲವಾದರೆ ಕಡಲತೀರದ ಉಪ್ಪು ಎರಡನ್ನೂ ಬೆಸೆದುಬಿಡುತ್ತದೆ. ಕಾರ್ಬನ್ ಫ್ರೇಮಿಗೆ ಗ್ರೀಸು ಬೇಡ, ಕಾರ್ಬನ್ ಪೇಸ್ಟ್ ಹಾಕಿ. ಕ್ಲ್ಯಾಂಪಿನ ಸಂದಿಗೆ ಹಳೆಯ ಟ್ಯೂಬಿನ ಒಂದು ತುಂಡನ್ನು ತೋಳಿನಂತೆ ತೊಡಿಸಿದರೆ ಕೆಸರು ಬಹುಮಟ್ಟಿಗೆ ಹೊರಗೇ ನಿಲ್ಲುತ್ತದೆ. ವಾಟರ್ ಸರ್ವಿಸ್‌ನ ಪಿಚಕಾರಿಯನ್ನು ಕಾಲರಿಗೆ ಹಿಡಿಯಲು ಬಿಡಬೇಡಿ; ಆ ರಭಸದ ನೀರು ಸೀಲನ್ನು ದಾಟುತ್ತದೆ.

ಎಲ್ಲ ನೋಡಿಯೂ ಪೋಸ್ಟನ್ನು ಕಳುಹಿಸಲೇಬೇಕಾಗಿ ಬಂದರೆ ವಾಲ್ವ್ ಇರುವಂಥದ್ದರ ಗಾಳಿ ಇಳಿಸಿ, ಸೀಟು ಕಳಚಿ, ಪೋಸ್ಟನ್ನು ಮಾತ್ರ ಕಟ್ಟಿ. ಜೊತೆಗೆ ಒಂದು ಚೀಟಿ ಇರಲಿ: ಕಂಪನಿ, ಮಾದರಿ, ಪೋಸ್ಟಿನ ಮೇಲೆ ಅಚ್ಚಾಗಿರುವ ವ್ಯಾಸ (30.9, 31.6 ಹೀಗೆ), ಸೀಟು ಎಷ್ಟು ಮಿಲಿಮೀಟರ್ ಇಳಿಯುತ್ತದೆ, ಮತ್ತು ‘ಕ್ಲ್ಯಾಂಪ್ ಸಡಿಲಿಸಿ, ಕೇಬಲ್ ಕಳಚಿ ನೋಡಿದ್ದೇನೆ, ಆದರೂ ಹೀಗಾಗುತ್ತಿದೆ’ ಎಂಬ ವಿವರ. ಮೆಕ್ಯಾನಿಕ್ ನೇರ ಕಾರ್ಟ್ರಿಜ್‌ನಿಂದಲೇ ಕೆಲಸ ಆರಂಭಿಸಬಹುದು.