ವಾರ್ಡಿನ ಡೋಸ್ ಊರಿಗೆ ಹೊರಟಾಗ

ಎಂ.ಡಿ. ಸೈಕಿಯಾಟ್ರಿಯ, ಅಂದರೆ ಮನೋವೈದ್ಯರಾಗುವ ಸ್ನಾತಕೋತ್ತರ ತರಬೇತಿಯ, ಮೂರು ವರ್ಷ ತುರ್ತು ಚಿಕಿತ್ಸೆಯನ್ನು ಚೆನ್ನಾಗಿಯೇ ಕಲಿಸುತ್ತದೆ. ಮುಂಬಯಿಯ ದೊಡ್ಡ ಸರಕಾರಿ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಮುಗಿಸಿದವರಿಗೆ ರಾತ್ರಿ ಕ್ಯಾಶುವಾಲ್ಟಿಯಿಂದ ಕರೆ ಬಂದರೆ ಕೈಕಾಲು ಆಡದಂತಾಗುವುದಿಲ್ಲ. ಕುಡಿತ ಬಿಟ್ಟ 6ರಿಂದ 48 ಗಂಟೆಯೊಳಗೆ ಫಿಟ್ಸ್, 48ರಿಂದ 96 ಗಂಟೆಯ ನಡುವೆ ಡೆಲಿರಿಯಂ (ದಿಕ್ಕು ತಪ್ಪಿದ ಗೊಂದಲದ ಸ್ಥಿತಿ) ಬರಬಹುದು; ಗ್ಲುಕೋಸ್ ಏರಿಸುವ ಮೊದಲು, ಕೊನೆಗೆ ಅದರ ಜೊತೆಗಾದರೂ, ಥಯಾಮಿನ್ (ವಿಟಮಿನ್ ಬಿ1) ಹೋಗಬೇಕು; ಶಮನಕ್ಕೆ ಕೊಡುವ ಮಾತ್ರೆಗಳಲ್ಲಿ, ಲಿವರ್ ಕೆಟ್ಟಿದ್ದರೆ ಕ್ಲೋರ್‌ಡಯಾಜೆಪಾಕ್ಸೈಡ್ ಬೇಡ, ಲೊರಾಜೆಪಾಮ್ ಸಾಕು. ವಯಸ್ಸಾದವರು ಎರಡು ದಿನದಿಂದ ಅಸಂಬದ್ಧ ಮಾತಾಡುತ್ತಿದ್ದಾರೆಂದರೆ ಮನೋರೋಗದ ಹೆಸರು ಹಚ್ಚುವ ಮೊದಲು ಸಕ್ಕರೆ, ಸೋಡಿಯಂ, ಮೂತ್ರದ ಸೋಂಕು ನೋಡಬೇಕು. ಇದೆಲ್ಲ ಎರಡನೇ ವರ್ಷ ಮುಗಿಯುವಷ್ಟರಲ್ಲಿ ಬಾಯಿಪಾಠವಾಗಿರುತ್ತದೆ.

ಕಲಿಯದೇ ಉಳಿಯುವುದು ಬೇರೆಯೇ. ಒಂದೇ ರೋಗಿಯನ್ನು ಎರಡು ವರ್ಷ ಬಿಡದೆ ನೋಡುವ ಅವಕಾಶ ರೆಸಿಡೆಂಟಿಗೆ ಸಿಗುವುದು ಕಷ್ಟ. ಯೂನಿಟ್ ಬದಲಾಗುತ್ತದೆ, ನ್ಯೂರಾಲಜಿ, ಮಕ್ಕಳ ವಿಭಾಗ, ವ್ಯಸನಮುಕ್ತಿ ಎಂದು ಪೋಸ್ಟಿಂಗ್ ಬರುತ್ತದೆ, ಈಗ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯೂ ಇದೆ. ಔಷಧ ಶುರು ಮಾಡಿದವರೊಬ್ಬರು, ಡಿಸ್ಚಾರ್ಜ್ ಬರೆದವರು ಇನ್ನೊಬ್ಬರು, ಆರು ತಿಂಗಳ ನಂತರ ಒ.ಪಿ.ಡಿ.ಯಲ್ಲಿ ನೋಡಿದವರು ಮತ್ತೊಬ್ಬರು. ಹಾಗಾಗಿ ಮಾತ್ರೆ ಮನೆಗೆ ಹೋದ ಮೇಲೆ ಏನಾಗುತ್ತದೆಂದು ಮೂವರಿಗೂ ಗೊತ್ತಾಗುವುದಿಲ್ಲ.

ಇದಕ್ಕೆ ನಾನು ಮಾಡಿದ್ದು, ಈಗ ಕಿರಿಯರಿಗೂ ಹೇಳುವುದು ಇಷ್ಟೇ: ಮೊದಲ ವರ್ಷವೇ ಹದಿನೈದು–ಇಪ್ಪತ್ತು ರೋಗಿಗಳನ್ನು ಆರಿಸಿ, ಯೂನಿಟ್ ಬದಲಾದರೂ ಅವರ ಫಾಲೋ–ಅಪ್ ಬಿಡಬೇಡಿ. ಹಿರಿಯರ ಅನುಮತಿ ಪಡೆದು ವಾರಕ್ಕೊಂದು ಮಧ್ಯಾಹ್ನ ಅವರಿಗೆ ಮೀಸಲಿಟ್ಟರೆ ಸಾಕು. ಪುಸ್ತಕದಲ್ಲಿ ಹೆಸರು ಬೇಡ, ಕೇಸ್ ನಂಬರ್ ಬರೆಯಿರಿ. ಪ್ರತಿ ಭೇಟಿಗೆ ಐದು ವಿಷಯ: ಎಷ್ಟು ಮಾತ್ರೆ ಉಳಿದಿವೆ, ತೂಕ, ನಿದ್ದೆ, ಕೆಲಸಕ್ಕೆ ಹೋದ ದಿನಗಳು, ಹಿಂದಿನ ಭೇಟಿಯಲ್ಲಿ ನೀವು ಏನಾಗಬಹುದೆಂದು ಊಹಿಸಿದ್ದಿರಿ. ಈ ಕೊನೆಯದೇ ಮುಖ್ಯ. ಊಹೆ ಎಲ್ಲಿ ತಪ್ಪಿತೆಂದು ತಿರುಗಿ ನೋಡಿದಾಗಲೇ ಪ್ರಾಕ್ಟೀಸಿಗೆ ಬೇಕಾದ ಅಂದಾಜು ಕೈಗೆ ಬರುತ್ತದೆ.

ಊಹೆ ತಪ್ಪುವ ಒಂದು ಜಾಗ ಬೀಡಿ–ಸಿಗರೇಟು. ವಾರ್ಡಿನಲ್ಲಿ ಹೊಗೆ ಸೇದುವಂತಿಲ್ಲ. ಸ್ಕಿಜೋಫ್ರೇನಿಯಾದಂಥ ಮನೋರೋಗಕ್ಕೆ ಕೊಡುವ ಕ್ಲೋಜಪಿನ್, ಓಲಾಂಜಪಿನ್ ಡೋಸನ್ನು ನಾವು ಆ ಸ್ಥಿತಿಯಲ್ಲೇ ಹೊಂದಿಸುತ್ತೇವೆ. ರೋಗಿ ಹೊರಗೆ ಹೋಗಿ ಮತ್ತೆ ಸೇದತೊಡಗಿದರೆ ಹೊಗೆಯಲ್ಲಿರುವ ಅಂಶಗಳು ಲಿವರಿನ ಕಿಣ್ವವನ್ನು ಚುರುಕುಗೊಳಿಸುತ್ತವೆ, ರಕ್ತದಲ್ಲಿ ಔಷಧ ಇಳಿಯುತ್ತದೆ, ಮೂರು–ನಾಲ್ಕು ವಾರಕ್ಕೆ ಯಾರೂ ಇಲ್ಲದೆಯೂ ಕೇಳಿಸುವ ಧ್ವನಿಗಳು ಮರಳುತ್ತವೆ. ‘ಮಾತ್ರೆ ತಗೊಳ್ತಿಲ್ಲ’ ಎಂದು ಮನೆಯವರು ಅವನನ್ನೇ ಬೈಯುತ್ತಾರೆ. ಪಾಪ, ಅವನು ತಪ್ಪದೆ ತೆಗೆದುಕೊಂಡಿರುತ್ತಾನೆ. ತಿರುಗುಮುರುಗಾಗಿ, ಸ್ಥಿರವಾಗಿದ್ದವನು ಸಿಗರೇಟು ಬಿಟ್ಟರೆ ಅದೇ ಡೋಸ್ ವಿಪರೀತ ಮಂಪರು ತರುತ್ತದೆ. ಇದು ನಿಕೋಟಿನ್ ಕೆಲಸವಲ್ಲ, ಆದ್ದರಿಂದ ನಿಕೋಟಿನ್ ಗಮ್ ಈ ಬದಲಾವಣೆಯನ್ನು ತಡೆಯುವುದಿಲ್ಲ. ಡಿಸ್ಚಾರ್ಜ್ ಕಾರ್ಡಿನಲ್ಲಿ ದಿನಕ್ಕೆಷ್ಟು ಸೇದುತ್ತಿದ್ದರು ಎಂಬ ಒಂದು ಸಾಲು ಇರಲೇಬೇಕು.

ಊಹೆ ತಪ್ಪುವ ಎರಡನೆಯ ಜಾಗ ಲಿಥಿಯಂ, ಉನ್ಮಾದ ಮರಳದಂತೆ ಕೊಡುವ ಔಷಧ. ನನ್ನಲ್ಲಿಗೆ ಬರುವ ಕನ್ನಡಿಗರಲ್ಲಿ ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವವರು ಬಹಳ. ಭಟ್ಟಿಯ ಮುಂದೆ ಹತ್ತು ಗಂಟೆ ಬೆವರು ಸುರಿಸುವ ಮೈಗೂ ವಾರ್ಡಿನ ಫ್ಯಾನಿನ ಕೆಳಗಿನ ಮೈಗೂ ಒಂದೇ ಡೋಸ್ ಹೊಂದದಿರಬಹುದು. ನೀರು–ಉಪ್ಪು ಕಡಿಮೆಯಾದರೆ ಮೂತ್ರಪಿಂಡ ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಮೇಲೆ ಸೊಂಟನೋವಿಗೆಂದು ಮೆಡಿಕಲ್‌ನಿಂದ ತಾವೇ ತಂದ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಬಿದ್ದರೆ ಮಟ್ಟ ಇನ್ನೂ ಏರುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಎಂದು ಚೀಟಿಯಲ್ಲೇ ಬರೆದುಕೊಡುತ್ತೇನೆ. ಲಿಥಿಯಂ ಮಟ್ಟದ ಪರೀಕ್ಷೆಗೆ ರಕ್ತ ಕೊಡುವುದು ಕೊನೆಯ ಮಾತ್ರೆಯ 12 ಗಂಟೆಯ ನಂತರ, ಡೋಸ್ ಬದಲಿಸಿ 5ರಿಂದ 7 ದಿನಕ್ಕೆ. ಬೆಳಗಿನ ಮಾತ್ರೆ ನುಂಗಿ ಲ್ಯಾಬಿಗೆ ಹೋದರೆ ಅಂಕಿ ಇದ್ದದ್ದಕ್ಕಿಂತ ಹೆಚ್ಚು ತೋರಿ ಸುಳ್ಳು ಹೇಳುತ್ತದೆ, ಅದನ್ನು ನಂಬಿ ಡೋಸ್ ಇಳಿಸಿದರೆ ಉನ್ಮಾದ ಮರಳುತ್ತದೆ. ನಿರ್ವಹಣೆಗೆ ರಕ್ತದ ಮಟ್ಟ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ನಡುವೆ ಇರಲಿ. ಆರು ತಿಂಗಳಿಗೊಮ್ಮೆ ಕ್ರಿಯಾಟಿನಿನ್, ಥೈರಾಯ್ಡ್.

ಔಷಧ ನಿಲ್ಲಿಸುವುದನ್ನಂತೂ ಯಾರೂ ಕೂರಿಸಿ ಕಲಿಸುವುದಿಲ್ಲ. ಖಿನ್ನತೆಯ ಮಾತ್ರೆ ಎಸಿಟಾಲೊಪ್ರಾಮ್ 5 ಮಿ.ಗ್ರಾಂನಿಂದ ಶುರು ಮಾಡಿ ವಾರದಲ್ಲಿ 10ಕ್ಕೆ ಏರಿಸುವುದು ಎಲ್ಲರಿಗೂ ಗೊತ್ತು. ಮೊದಲ ಸಲದ ಖಿನ್ನತೆಯಾದರೆ ಪೂರ್ತಿ ಗುಣವಾದ ಮೇಲೂ 6ರಿಂದ 9 ತಿಂಗಳು ಮುಂದುವರಿಸಿ, ಆಮೇಲೆ ವಾರಗಟ್ಟಲೆ ಇಳಿಸುತ್ತ ಬರಬೇಕೆಂಬುದು ಪ್ರಾಕ್ಟೀಸಿನಲ್ಲೇ ಮನದಟ್ಟಾಗುತ್ತದೆ. ಆತಂಕ–ನಿದ್ದೆಗೆ ಕೊಡುವ, ಅಭ್ಯಾಸವಾಗಿಬಿಡುವ ಕ್ಲೊನಜೆಪಾಮ್ ಇನ್ನೂ ಕಠಿಣ. ಯಾರೋ ನಿದ್ದೆಗೆಂದು ಬರೆದ ಹಳೇ ಚೀಟಿಯಲ್ಲಿ ವರ್ಷಗಟ್ಟಲೆ ನುಂಗಿದವರು ಬರುತ್ತಾರೆ. ಎರಡು ವಾರಕ್ಕೊಮ್ಮೆ ಹತ್ತನೇ ಒಂದು ಭಾಗ, ಹೆಚ್ಚೆಂದರೆ ನಾಲ್ಕನೇ ಒಂದು ಭಾಗ ಇಳಿಸುತ್ತೇನೆ, ಕೊನೆಯ 0.25 ಮಿ.ಗ್ರಾಂ ಬಿಡಿಸಲು ಮೊದಲಿನ ಎಲ್ಲ ಹಂತಗಳಷ್ಟೇ ಸಮಯ ಹಿಡಿಯಬಹುದು. ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು.

ಭಾಷೆಯ ವಿಷಯ. ಇಲ್ಲಿನ ಒ.ಪಿ.ಡಿ. ನಡೆಯುವುದು ಮರಾಠಿ–ಹಿಂದಿಯಲ್ಲಿ. ಕುಂದಾಪುರದ ಕಡೆಯ ರೋಗಿ ‘ಸಂಕಟ ಆತ್’ ಎಂದರೆ ಹೊಟ್ಟೆಯಲ್ಲೋ ಎದೆಯಲ್ಲೋ ತಡೆಯಲಾಗದ ಹಿಂಸೆ ಎಂದರ್ಥ. ಮರಾಠಿ ರೆಸಿಡೆಂಟ್ ಕಿವಿಗೆ ಅದು ವಿಪತ್ತು. ಹೀಗೆ ದೈಹಿಕ ಆತಂಕದ ಲಕ್ಷಣವೊಂದು ಕೇಸ್ ಪೇಪರಿನಲ್ಲಿ ‘ಮನೆಯಲ್ಲಿ ಸಮಸ್ಯೆ’ ಎಂದಾಗಿಬಿಡುತ್ತದೆ. ಬಿಜಾಪುರದ ಕಡೆಯವರ ‘ಬ್ಯಾಸರ ಆಗೇತ್ರಿ’ಯಲ್ಲಿ ಬೋರೂ ಇರಬಹುದು, ಜೀವ ಬೇಡವಾದ ದುಃಖವೂ ಇರಬಹುದು. ‘ಬ್ಯಾಸರ ಅಂದ್ರ ಜೀವಾನs ಬ್ಯಾಡ ಅನಸ್ತೈತೇನ್ರಿ?’ ಎಂದು ನೇರವಾಗಿ ಕೇಳಬೇಕು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಮಾತ್ರೆ ಏಳು ದಿನಕ್ಕೆ ಮಾತ್ರ, ಅದೂ ಜೊತೆಗಿರುವವರ ಕೈಯಲ್ಲಿ, ಜೊತೆಗೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ–ಮಾನಸ್‌ನ ಸಂಖ್ಯೆ 14416. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಮಾಹಿತಿ ಕೊಡುವವರು ಯಾರೆಂಬುದೂ ಇಲ್ಲಿ ಬೇರೆ. ಹೆಂಡತಿ ಊರಲ್ಲಿ, ಕರೆದುತರುವವನು ಹೋಟೆಲ್ ರೂಮಿನ ಜೊತೆಗಾರ. ಅವನಿಗೆ ಈ ತಿಂಗಳ ನಿದ್ದೆ ಗೊತ್ತು, ಐದು ವರ್ಷದ ಹಿಂದಿನ ಉನ್ಮಾದ ಗೊತ್ತಿಲ್ಲ. ರೋಗಿಯ ಒಪ್ಪಿಗೆ ಪಡೆದು, ಅವರೆದುರೇ ಊರಿಗೆ ಫೋನ್ ಮಾಡುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ನಾಮನಿರ್ದೇಶಿತ ಪ್ರತಿನಿಧಿ (ಚಿಕಿತ್ಸೆಯ ನಿರ್ಧಾರಗಳಲ್ಲಿ ನೆರವಾಗಲು ರೋಗಿಯೇ ಹೆಸರಿಸುವವರು) ಯಾರೆಂದು ರೋಗಿ ಚೆನ್ನಾಗಿರುವಾಗಲೇ ಬರೆಸಿಡುವುದು ಒಳ್ಳೆಯದು. 89ನೇ ಸೆಕ್ಷನ್ನಿನಡಿ 30 ದಿನದವರೆಗಿನ ದಾಖಲಾತಿ ಬೇಕಾಗಿ ಬಂದರೆ ಅರ್ಜಿ ಕೊಡಬೇಕಾದವರು ಅವರೇ.

ಏಪ್ರಿಲ್–ಮೇಯಲ್ಲಿ ಊರಿಗೆ ಹೊರಡುವವರ ಸಾಲು. ಮತ್ಸ್ಯಗಂಧ ರೈಲು ಹತ್ತುವ ಮೊದಲೊಮ್ಮೆ ಬಂದು ಹೋಗಿ ಎಂದು ಮಾರ್ಚಿನಲ್ಲೇ ಹೇಳಿಡುತ್ತೇನೆ. ಉಳಿಯುವ ದಿನಗಳ ಮೇಲೆ ಹತ್ತು ದಿನದ ಮಾತ್ರೆ ಹೆಚ್ಚಿಗೆ, ಅರ್ಧ ಕೈಚೀಲದಲ್ಲಿ, ಅರ್ಧ ಪೆಟ್ಟಿಗೆಯಲ್ಲಿ. ಕನ್ನಡದಲ್ಲೊಂದು ಚೀಟಿ ಬರೆದುಕೊಡುತ್ತೇನೆ: ಔಷಧದ ಮೂಲ ಹೆಸರು, ಡೋಸ್, ಕೊನೆಯ ರಕ್ತಪರೀಕ್ಷೆಯ ಅಂಕಿ. ಲಿಥಿಯಂ ಇದ್ದವರಿಗೆ ಅದರ ಕೆಳಗೆ, ‘ವಾಂತಿ–ಭೇದಿ ಶುರುವಾದರೆ ಮಾತ್ರೆ ನಿಲ್ಲಿಸಿ, ಓ.ಆರ್.ಎಸ್. ಕುಡಿಯಿರಿ, ಅದೇ ದಿನ ಫೋನ್ ಮಾಡಿ. ಕೈ ಜೋರಾಗಿ ನಡುಗಿದರೆ, ನಡಿಗೆ ತೂರಾಡಿದರೆ, ಮಾತು ತೊದಲಿದರೆ ಕಾಯದೆ ಆಸ್ಪತ್ರೆಗೆ ಹೋಗಿ.’ ಕ್ಲೋಜಪಿನ್ ಇದ್ದವರಿಗೆ ಕೆಂಪು ಶಾಯಿಯಲ್ಲಿ, ‘48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೆಯ ಡೋಸ್ ನುಂಗಬೇಡಿ, ಮೊದಲು ಕೇಳಿ, ಮತ್ತೆ 12.5 ಮಿ.ಗ್ರಾಂನಿಂದ ಶುರು ಮಾಡಬೇಕು.’