ಊರಲ್ಲಿ ಆಕ್ಟಿವಾ ಹೊಡೆದ ಹುಡುಗ ಇಲ್ಲಿ ಕಾರು ಹತ್ತುವ ಮುನ್ನ

ಬೆಳಗಾವಿ, ಗೋಕಾಕ, ಬೈಲಹೊಂಗಲ ಕಡೆಯಿಂದ ಹೈಸ್ಕೂಲು ಓದುವ ಮಕ್ಕಳನ್ನು ಕರ್ಕೊಂಡು ಕ್ಯಾಲಿಫೋರ್ನಿಯಾಕ್ಕೆ ಬರುವವರು ಮೊದಲು ಮನೆ ಕೇಳ್ತಾರೆ, ಆಮೇಲೆ ಶಾಲೆ, ಆಮೇಲೆ ಜೋಳದ ಹಿಟ್ಟು ಎಲ್ಲಿ ಸಿಗುತ್ತೆ ಅಂತ. ಸ್ವಲ್ಪ ದಿನ ಆದ ಮೇಲೆ ಮಗನ ಲೈಸೆನ್ಸಿನ ವಿಷಯ ಬರುತ್ತದೆ. ಜತೆಗೇ ಈ ಮಾತೂ ಬರುತ್ತದೆ: "ನಮ್ಮ ಹುಡುಗ ಒಂಬತ್ತನೇ ಕ್ಲಾಸಿನ್ಯಾಗ ಇದ್ದಾಗಿಂದ ಗಾಡಿ ಹೊಡೀತಾನ್ರಿ, ಅವಗ ಮತ್ತ ಕ್ಲಾಸ್ ಯಾಕ ಬೇಕ್ರಿ?"

ಬೇಕು. ಚನ್ನಮ್ಮ ಸರ್ಕಲ್‌ನಲ್ಲಿ ಬಸ್ಸು, ಆಟೊ, ಟಂಟಂ ಎಲ್ಲದರ ನಡುವೆ ತೂರಿಕೊಂಡು ಟೈಮಿಗೆ ಸರಿಯಾಗಿ ಟ್ಯೂಷನ್ ಮುಟ್ಟುವುದು ಜಾಣತನವೇ, ಇಲ್ಲ ಅನ್ನಲ್ಲ. ಆದರೆ ಆ ಜಾಣತನವೇ ಇಲ್ಲಿ ಅಡ್ಡ ಬರುತ್ತದೆ. ಅಲ್ಲಿ ಸಂದು ಕಂಡರೆ ನುಗ್ಗಬೇಕು, ಹಾರ್ನ್ ಹೊಡೆದರೆ ಮುಂದಿನವ ಸರಿಯುತ್ತಾನೆ. ಇಲ್ಲಿ ಫ್ರೀವೇ ಮೇಲೆ ಗಂಟೆಗೆ 65 ಮೈಲಿ, ಅಂದರೆ ನೂರು ಕಿಲೋಮೀಟರಿಗಿಂತ ಜಾಸ್ತಿ ವೇಗ. ಪಕ್ಕದವ ತನ್ನ ಲೇನ್ ಬಿಟ್ಟು ದಿಢೀರ್ ಅಂತ ನುಗ್ಗುವುದಿಲ್ಲ ಅನ್ನೋ ನಂಬಿಕೆ ಮೇಲೇ ಎಲ್ಲರೂ ಓಡಿಸುತ್ತಿರುತ್ತಾರೆ. ಇನ್ನು ಊರಿನ ಆ "ಅನುಭವ" ಊರಿನ ಕಾನೂನಿನಲ್ಲೇ ಅಪರಾಧ. ಆಕ್ಟಿವಾಗೆ 18 ತುಂಬಿರಬೇಕು. 2019ರ ತಿದ್ದುಪಡಿಯ ನಂತರ ಚಿಕ್ಕ ಮಕ್ಕಳು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಇದೆ. ಹಾಗಾಗಿ ಇಲ್ಲಿನ ಇನ್‌ಸ್ಟ್ರಕ್ಟರ್ ಮುಂದೆ ಅದನ್ನು ಹೆಮ್ಮೆಯಿಂದ ಹೇಳೋದು ಬಿಡಿ.

ಇಲ್ಲಿಯ ಕ್ರಮ ಹೀಗಿದೆ. ಹದಿನೈದೂವರೆ ವರ್ಷಕ್ಕೆ ಡ್ರೈವರ್ ಎಜುಕೇಶನ್, ಅಂದರೆ ರಸ್ತೆ ನಿಯಮದ ಪಾಠ ಮುಗಿಸಿ ಪರ್ಮಿಟ್, ಅಂದರೆ ಊರಿನ ಎಲ್‌ಎಲ್‌ಆರ್ ಥರದ ಕಲಿಕಾ ಪರವಾನಗಿ ತಗೋಬಹುದು. ಡ್ರೈವರ್ ಎಜುಕೇಶನ್ ಆನ್‌ಲೈನ್‌ನಲ್ಲೇ ಆಗುತ್ತದೆ. ಪರ್ಮಿಟ್ಟಿನ ಲಿಖಿತ ಪರೀಕ್ಷೆಯಲ್ಲಿ 46 ಪ್ರಶ್ನೆ, 38 ಸರಿ ಇರಬೇಕು. ಆಮೇಲೆ ಲೈಸೆನ್ಸ್ ಇರುವ ಇನ್‌ಸ್ಟ್ರಕ್ಟರ್ ಹತ್ತಿರ 6 ಗಂಟೆ, ಮನೆಯವರ ಜತೆ 50 ಗಂಟೆ ಓಡಿಸಬೇಕು. ಆ 50ರಲ್ಲಿ 10 ಗಂಟೆ ರಾತ್ರಿ ಹೊತ್ತು. ಪರ್ಮಿಟ್ ಕನಿಷ್ಠ 6 ತಿಂಗಳು ಕೈಯಲ್ಲಿರಬೇಕು, 16 ತುಂಬಿರಬೇಕು, ಆಗ ರಸ್ತೆ ಪರೀಕ್ಷೆ. ಬೇರೆ ರಾಜ್ಯದಲ್ಲಿ ಇದ್ದರೆ ನಿಮ್ಮ ರಾಜ್ಯದ ನಿಯಮ ನೋಡಿಕೊಳ್ಳಿ. ನ್ಯೂಜೆರ್ಸಿಯಲ್ಲಿ 17ರ ತನಕ ಒಬ್ಬರೇ ಓಡಿಸುವ ಹಾಗೇ ಇಲ್ಲ.

ನಮ್ಮವರು ಎಡವುವುದು ಎರಡು ಕಡೆ. ಪರ್ಮಿಟ್ ಕೈಗೆ ಬಂದ ದಿನವೇ ಮಗನನ್ನು ಖಾಲಿ ರಸ್ತೆಗೆ ಕರ್ಕೊಂಡು ಹೋಗ್ತಾರೆ. ಆದರೆ ಇನ್‌ಸ್ಟ್ರಕ್ಟರ್ ಜತೆ ಮೊದಲ ಪಾಠ ಶುರುವಾಗುವ ತನಕ ಆ ಪರ್ಮಿಟ್ ಚಾಲ್ತಿಗೆ ಬರುವುದಿಲ್ಲ. ಎರಡನೇದು, ಪಕ್ಕದ ಸೀಟಿನಲ್ಲಿ ಕೂರುವವರಿಗೆ 25 ತುಂಬಿರಬೇಕು, ಕ್ಯಾಲಿಫೋರ್ನಿಯಾದ ಲೈಸೆನ್ಸೇ ಇರಬೇಕು. ಊರಿಂದ ಬಂದ ಅಜ್ಜಾರು ಮೂವತ್ತು ವರ್ಷ ಲಾರಿ ಹೊಡೆದಿದ್ದರೂ ನಡೆಯೋದಿಲ್ಲ. ಹೊಸದಾಗಿ ಬಂದ ಅಪ್ಪನೂ ಮೊದಲು ತನ್ನ ಲೈಸೆನ್ಸ್ ಮಾಡಿಸಿಕೊಳ್ಳಬೇಕು.

ಆ 50 ಗಂಟೆಯನ್ನು ಸುಮ್ನೆ ಹಾಳೆ ಮೇಲೆ ತುಂಬಿ ಸಹಿ ಹಾಕುವವರಿದ್ದಾರೆ. ದಯವಿಟ್ಟು ಬೇಡ. ದಿನಸಿ ತರೋಕೆ, ಕ್ರಿಕೆಟ್ ಪ್ರಾಕ್ಟೀಸಿಗೆ, ಗುಡಿಗೆ, ಎಲ್ಲಿಗೇ ಹೊರಟರೂ ಅವನ ಕೈಗೆ ಸ್ಟಿಯರಿಂಗ್ ಕೊಡಿ. ಸ್ಟಾಪ್ ಬೋರ್ಡ್ ಹತ್ತಿರ ಚಕ್ರ ಪೂರಾ ನಿಂತಿತಾ, ಲೇನ್ ಬದಲಿಸುವ ಮುಂಚೆ ಭುಜದ ಮೇಲಿಂದ ತಿರುಗಿ ನೋಡಿದನಾ, ಎಡಕ್ಕೆ ತಿರುಗಿದ ಮೇಲೆ ಅಭ್ಯಾಸಬಲದಿಂದ ಊರಿನ ಹಾಗೆ ಎಡಪಕ್ಕಕ್ಕೇ ಹೋದನಾ, ಇವಿಷ್ಟು ಗಮನಿಸಿ. ಕನ್ನಡಿ ನೋಡಿದೆ ಅಂದರೆ ಸಾಲದು, ಕನ್ನಡಿಗೆ ಕಾಣದ ಜಾಗದಲ್ಲೇ ಪಕ್ಕದ ಕಾರು ಇರುತ್ತದೆ. ಬೈಯಬೇಡಿ, ಬೈದರೆ ಅವನ ಕಣ್ಣು ರಸ್ತೆ ಬಿಟ್ಟು ನಿಮ್ಮ ಮುಖದ ಕಡೆ ಬರುತ್ತದೆ.

ಈಗ ಫೋನಿನ ವಿಷಯ. 18 ತುಂಬದವರು ಇಲ್ಲಿ ಗಾಡಿ ಓಡಿಸುವಾಗ ಹ್ಯಾಂಡ್ಸ್‌ಫ್ರೀಯಲ್ಲೂ ಮಾತಾಡುವಂತಿಲ್ಲ, ತುರ್ತು ಕರೆ ಒಂದು ಬಿಟ್ಟು. ಒಂದು ಮೆಸೇಜ್ ಓದೋಕೆ ಕಣ್ಣು ಸುಮಾರು 5 ಸೆಕೆಂಡ್ ರಸ್ತೆ ಬಿಡುತ್ತದೆ ಅಂತ ಇಲ್ಲಿಯ ಹೆದ್ದಾರಿ ಸುರಕ್ಷತಾ ಸಂಸ್ಥೆ ಹೇಳುತ್ತದೆ. 55 ಮೈಲಿ ವೇಗದಲ್ಲಿ ಅಷ್ಟರೊಳಗೆ ಕಾರು 120 ಮೀಟರ್ ದಾಟಿರುತ್ತದೆ. ನಮ್ಮ ಮನೆಗಳಲ್ಲಿ ಮಾತ್ರ ಫೋನಿನ ಕಾಟ ಗೆಳೆಯರಿಂದ ಬರುವುದಕ್ಕಿಂತ ಮನೆಯವರಿಂದಲೇ ಜಾಸ್ತಿ. ಬೇಸಿಗೆಯಲ್ಲಿ ಊರಿಗೂ ನಮಗೂ ಹನ್ನೆರಡೂವರೆ ಗಂಟೆ ಫರಕು. ಬೆಳಗಾವಿಯಲ್ಲಿ ಬೆಳಗ್ಗೆ ಆರಕ್ಕೆ ಅಜ್ಜಿ ಚಹಾ ಕುಡಿದು ವಾಟ್ಸಾಪ್ ವಿಡಿಯೊ ಕಾಲ್ ಹಚ್ಚುತ್ತಾರೆ. ಇಲ್ಲಿ ಆಗ ಸಂಜೆ ಐದೂವರೆ, ಮೊಮ್ಮಗ ಪ್ರಾಕ್ಟೀಸ್ ಮುಗಿಸಿ ಗಾಡಿ ಓಡಿಸಿಕೊಂಡು ಬರುವ ಹೊತ್ತು, ರಸ್ತೆ ತುಂಬಾ ಕಾರು. ಎತ್ತದಿದ್ದರೆ ಮತ್ತೆ ಮಾಡ್ತಾರೆ, ಆಮೇಲೆ ಅತ್ತಿ ಮಾಡ್ತಾರೆ, ಆಮೇಲೆ ನೀವೇ "ಅಜ್ಜಿ ಫೋನ್ ಯಾಕ ಎತ್ತಲಿಲ್ಲ?" ಅಂತ ಮಾಡ್ತೀರಿ. ಊರಿಗೆ ಬಿಡಿಸಿ ಹೇಳಿ: ಮನೆ ಮುಟ್ಟಿದ ಮೇಲೆ ಅವನೇ ಮಾಡ್ತಾನ. ಅವನ ಫೋನಿನಲ್ಲಿ ಡ್ರೈವಿಂಗ್ ಮೋಡ್ ಹಾಕಿಸಿ, ಫೋನು ಹಿಂದಿನ ಸೀಟಿನ ಬ್ಯಾಗಿನಲ್ಲಿ ಇರಲಿ. ನೀವು ಓಡಿಸುವಾಗಲೂ ಅಷ್ಟೇ. ಸಿಗ್ನಲ್ಲಿನಲ್ಲಿ ನೀವು ಗ್ರೂಪ್ ಮೆಸೇಜ್ ನೋಡೋದನ್ನು ಅವನು ಹಿಂದೆ ಕೂತು ನೋಡಿಯೇ ಇರ್ತಾನೆ.

ಪೊಲೀಸರು ಹಿಂದೆ ಲೈಟ್ ಹಾಕಿದರೆ ಬಲಬದಿಗೆ ನಿಲ್ಲಿಸಿ ಸೀಟಿನಲ್ಲೇ ಕೂರಬೇಕು, ಕೈ ಸ್ಟಿಯರಿಂಗ್ ಮೇಲೆ. ಊರಿನ ಹಾಗೆ ಇಳಿದು "ಸಾಹೇಬ್ರ" ಅಂತ ನಡೆದು ಹೋಗಬಾರದು. ಇದನ್ನು ಮಗನಿಗೆ ಮೊದಲೇ ಹೇಳಿಕೊಡಿ.

ಲೈಸೆನ್ಸ್ ಬಂದ ಮೊದಲ 12 ತಿಂಗಳು ರಾತ್ರಿ 11ರಿಂದ ಬೆಳಗಿನ 5ರ ತನಕ ಅವನು ಒಬ್ಬನೇ ಓಡಿಸುವಂತಿಲ್ಲ. ಜತೆಗೆ 25 ತುಂಬಿದ ಲೈಸೆನ್ಸುದಾರರು ಇಲ್ಲದಿದ್ದರೆ 20 ತುಂಬದ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ. ಸುಮ್ನೆ ಮಾಡಿದ ನಿಯಮ ಅಲ್ಲ ಇದು. ಹೊಸದಾಗಿ ಕಲಿತ ಮೊದಲ ತಿಂಗಳುಗಳೇ ಜಾಸ್ತಿ ಅಪಾಯ, ವಾರಿಗೆಯವರು ಕಾರು ತುಂಬಿದಷ್ಟೂ ಅದು ಏರುತ್ತದೆ. ದೀಪಾವಳಿ ಕಾರ್ಯಕ್ರಮ ತಡವಾಗಿ ಮುಗಿದಾಗ "ಹುಡುಗರೆಲ್ಲ ಅವನ ಗಾಡಿಯಾಗ ಬರಲಿ ಬಿಡ್ರಿ" ಅಂತ ಯಾರಾದರೂ ಅಂದೇ ಅಂತಾರೆ. ಸಂಕೋಚ ಬಿಟ್ಟು ಆಗಲ್ಲ ಅನ್ನಿ. ಅವನ ಅರ್ಜಿ ಮೇಲೆ ಸಹಿ ಹಾಕಿದವರು ನೀವು, ಅಪಘಾತವಾದರೆ ನಷ್ಟದ ಹೊಣೆ ನಿಮ್ಮ ತಲೆ ಮೇಲೇ ಬರುತ್ತದೆ. ಅವನು ಮಾತು ಕೇಳುತ್ತಿಲ್ಲ ಅನಿಸಿದರೆ, 18 ತುಂಬುವ ತನಕ ಆ ಒಪ್ಪಿಗೆ ವಾಪಸ್ ತಗೊಂಡು ಲೈಸೆನ್ಸ್ ರದ್ದು ಮಾಡಿಸುವ ಹಕ್ಕೂ ನಿಮಗೇ ಇದೆ. ಅದು ಅವನಿಗೂ ಗೊತ್ತಿರಲಿ.